ಪಂಕ್ತಿಯ ಕೊನೆಯ ಎಲೆ

ಮುತ್ತಲಗಟ್ಟಿಯ ಮುರಿಗೆಪ್ಪ ಶರಣರು ಕಾವಿ ಉಟ್ಟವರಲ್ಲ, ಪೀಠವೇರಿದವರಲ್ಲ. ತುಂಡು ಎರೆಹೊಲ, ಒಂದು ಆಕಳು, ಪತ್ನಿ ಶಂಕ್ರವ್ವ ತಾಯಿ, ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗ ಚಂದ್ರಶೇಖರ. ಇಷ್ಟೇ ಅವರ ಸಂಸಾರ. ಹಗಲು ಹೊಲದಲ್ಲಿ ದುಡಿದು, ಸಂಜೆ ಮಠದ ಕಟ್ಟೆಯ ಮೇಲೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತ ಶಿವನಾಮ ಗುನುಗುವರು. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಕುಣಿ ತೋಡಲು ಮೊದಲು ಗುದ್ದಲಿ ಹಿಡಿದು ಹೊರಡುವವರು ಅವರೇ.

ಪ್ರತಿ ಅಮಾವಾಸ್ಯೆಗೆ ಮಠದಲ್ಲಿ ದಾಸೋಹ. ಉಂಡವರ ಮುತ್ತಲ ಎಲೆಗಳನ್ನು ಎತ್ತುವುದು ಶರಣರ ವ್ರತ. ಎಲೆಯಂಚಿನಲ್ಲಿ ಗೋದಿ ಹುಗ್ಗಿಯ ಕಾಳೊಂದು ಉಳಿದಿದ್ದರೆ ಆರಿಸಿ, ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟುಕೊಳ್ಳುವರು. ಊರೆಲ್ಲ ಉಂಡು, ಎಲೆಯೆಲ್ಲ ಎದ್ದ ಮೇಲೆಯೇ ಅವರ ಊಟ. ಕೊನೆಗೆ ತಮ್ಮ ಎಲೆಯನ್ನೂ ತಾವೇ ಎತ್ತಿಕೊಳ್ಳುವರು. ಅದನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಮಗನಿಗೆ ಇದು ನುಂಗಲಾರದ ತುತ್ತಾಗಿತ್ತು. ಚಿಕ್ಕಂದಿನಲ್ಲಿ ಓರಗೆಯ ಹುಡುಗರು ‘ಎಂಜಲಪ್ಪನ ಮಗ’ ಎಂದು ಕರೆದದ್ದು, ಕಚೇರಿಯ ಕುರ್ಚಿಯಲ್ಲಿ ಕುಳಿತ ಮೇಲೂ ಅವನ ಕಿವಿಯಿಂದ ಹೋಗಿರಲಿಲ್ಲ.

ಅವನಿಗೆ ಹೆಣ್ಣು ನೋಡುವ ಮಾತು ನಡೆದು, ಹುಡುಗಿಯ ಅಜ್ಜ ಅಂದಾನಗೌಡರು ಮನೆತನ ನೋಡಲು ಬರುವುದಾಗಿ ಹೇಳಿಕಳಿಸಿದರು. ದೊಡ್ಡ ಮನೆತನದವರು. ಅಮಾವಾಸ್ಯೆಯ ದಿನವೇ ಬರುತ್ತೇವೆ, ಮಠದ ಪ್ರಸಾದವನ್ನೂ ಉಂಡಂತಾಯಿತು ಎಂದರು. ಚಂದ್ರಶೇಖರ ಹಿಂದಿನ ದಿನವೇ ಊರಿಗೆ ಬಂದು ತಂದೆಯ ಮುಂದೆ ನಿಂತ.

“ಅಪ್ಪಾ, ನಾಳಿ ಒಂದಿನ ಎಲಿ ಮುಟ್ಟಬ್ಯಾಡ. ಬೀಗರ ಜೋಡಿ ಮೊದಲನೇ ಪಂಕ್ತಿಗೆ ಕುಂದ್ರು. ನನ್ನ ಮಾನ ನಿನ್ನ ಕೈಯಾಗ ಅದ.”

ಶರಣರು ಹೊಸೆಯುತ್ತಿದ್ದ ಹಗ್ಗ ನಿಲ್ಲಿಸಿ ಮಗನ ಮುಖ ನೋಡಿದರು. “ಆತಪಾ” ಎಂದರು, ಅಷ್ಟೇ.

ಮರುದಿನ ಮಗ ತಂದಿದ್ದ ಜರಿಯಂಚಿನ ರುಮಾಲನ್ನು ಸುತ್ತಿಕೊಂಡರು. ಶಂಕ್ರವ್ವ ತಾಯಿಯವರು ಬಾಗಿಲಲ್ಲಿ ನಿಂತು ನಕ್ಕರು: “ನಮ್ಮ ಲಗ್ನದಾಗ ಕುಂತಂಗ ಕಾಣ್ತೀರಿ ನೋಡ್ರಿ.”

“ಆವತ್ತಿನ ರುಮಾಲೂ ಮಂದೀದ ಇತ್ತಲ್ಲ” ಎಂದರು ಶರಣರು.

ಗೌಡರು ಬಂದರು. ಚಂದ್ರಶೇಖರ ತಂದೆಯ ಪರಿಚಯ ಮಾಡಿಕೊಟ್ಟ. ಗೌಡರು “ಬನ್ರಿ ಬೀಗರ” ಎಂದು ಶರಣರನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಪಂಕ್ತಿ ನಡೆಯಿತು. ಶರಣರ ಎಲೆಯಲ್ಲಿ ಬಡಿಸಿದ ಹುಗ್ಗಿ ಬಡಿಸಿದಂತೆಯೇ ಇತ್ತು. ಎಲೆಗಳು ಏಳುವ ಮುನ್ನ ಅವರ ಕೈ ಬಾಯಿಗೆ ಹೋಗದು. ಕೈಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕುಳಿತಿದ್ದರು. ಬಡಿಸುತ್ತಿದ್ದ ಶಂಕ್ರವ್ವ ತಾಯಿಯವರು ಅದನ್ನು ಕಂಡು ಮುಂದಿನ ಎಲೆಗೆ ಸರಿದರು.

ಜನ ಎದ್ದರು. ಎಂದಿನ ರೂಢಿಯಂತೆ ಎಲೆಗಳನ್ನು ಅಲ್ಲಲ್ಲೇ ಬಿಟ್ಟು ಕೈ ತೊಳೆಯಲು ಹೋದರು. ಎಲೆ ಎತ್ತುವವರು ಇಂದು ಎದ್ದಿಲ್ಲವೆಂಬುದು ಯಾರ ಗಮನಕ್ಕೂ ಬರಲಿಲ್ಲ. ನೊಣಗಳು ಮುತ್ತತೊಡಗಿದವು.

ಗೌಡರು ಆ ಸಾಲನ್ನು ನೋಡಿ ಚಂದ್ರಶೇಖರನನ್ನು ಕೇಳಿದರು: “ಇದೇನ್ರಿ, ಇಲ್ಲಿ ಎಲಿ ಎತ್ತಾವ ಒಬ್ಬ ಮುದುಕ ಅದಾನಂತ ಕೇಳಿದ್ದೆ. ಎಲ್ಲಿ ಅಂವ?”

“ಅಂವ ನಮ್ಮನಿ ಆಳ್ರೀ” ಎಂದುಬಿಟ್ಟ ಚಂದ್ರಶೇಖರ. “ಇವತ್ತ ಬಂದಿಲ್ಲ.”

ಕೈ ತೊಳೆಯುತ್ತಿದ್ದವರ ತಂಬಿಗೆಗಳು ಅಲ್ಲಲ್ಲೇ ನಿಂತವು. ಶಂಕ್ರವ್ವ ತಾಯಿಯವರು ಸೆರಗನ್ನು ಬಾಯಿಗೊತ್ತಿಕೊಂಡರು. ಮಗ ತಂದೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಶರಣರು ಮೆಲ್ಲನೆ ಎದ್ದರು. ರುಮಾಲು ಬಿಚ್ಚಿ, ಮಡಿಸಿ, ಮಗನ ಕೈಯಲ್ಲಿಟ್ಟರು.

“ಬಂದಾನ್ರಿ ಗೌಡ್ರ. ಇವತ್ತ ಸ್ವಲ್ಪ ತಡಾತು.”

ಹಾಗೆಂದು ಬಾಗಿ ಗೌಡರ ಎಲೆಯನ್ನೇ ಮೊದಲು ಎತ್ತಿದರು.

ಗೌಡರ ಮುಖ ಕಪ್ಪಿಟ್ಟಿತು. “ತಂದೀಗೆ ಆಳು ಅಂದ್ಯಾ?” ಎಂದು ಹುಡುಗನ ಕಡೆ ತಿರುಗಿದರು.

ಶರಣರು ತಲೆಯೆತ್ತದೆಯೇ ನುಡಿದರು: “ಹುಡುಗ ಸುಳ್ಳಾಡಿಲ್ರಿ. ಮನ್ಯಾಗೂ ನಾ ಆಳ, ಮಠದಾಗೂ ನಾ ಆಳ. ಇಷ್ಟ ವರ್ಷ ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ಇವತ್ತ ನನ್ನ ಮಗ ಅಂದ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ದೊಡ್ಡ ಬಿರುದು ಬಂದವರ ಸಂತೋಷವಿತ್ತು. ತಂದೆ ನಾಲ್ಕು ಜನರ ಮುಂದೆ ಬೈದಿದ್ದರೆ ಚಂದ್ರಶೇಖರ ತಾಳಿಕೊಳ್ಳುತ್ತಿದ್ದ. ಈ ಸಂತೋಷವನ್ನು ತಾಳಲಾಗಲಿಲ್ಲ. ಕೈಯಲ್ಲಿದ್ದ ರುಮಾಲು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದ. ನೆಲ ಬಿರಿಯಬಾರದೆ ಅನ್ನಿಸಿತು. ಊರವರೂ ತಲೆ ತಗ್ಗಿಸಿದರು. ಬಿಟ್ಟುಬಂದ ಎಲೆಗಳು ತಮ್ಮವೇ ಅಲ್ಲವೆ?

ಕೊನೆಗೆ ಅವನು ಆ ಜರಿ ರುಮಾಲನ್ನೇ ನಡುವಿಗೆ ಬಿಗಿದ. ಪಂಕ್ತಿಯ ಇನ್ನೊಂದು ತುದಿಗೆ ಹೋಗಿ ಬಾಗಿದ. ತಂದೆ ಆ ಕಡೆಯಿಂದ, ಮಗ ಈ ಕಡೆಯಿಂದ ಎತ್ತುತ್ತ ಬಂದು ನಡುಮಧ್ಯೆ ಎದುರಾದರು. ಶರಣರು ಮಗನ ಕೈಯ ಹೊರೆಯಿಂದ ಜಾರುತ್ತಿದ್ದ ಎಲೆಯೊಂದನ್ನು ಸರಿಪಡಿಸಿದರು.

ಗೌಡರು ಹೊರಡಲು ಎದ್ದವರು ಇದನ್ನೆಲ್ಲ ನೋಡುತ್ತ ನಿಂತಿದ್ದರು. ಶರಣರಿಗೆ ಕೈಮುಗಿದರು. ಚಂದ್ರಶೇಖರನಿಗೆ ಮಾತ್ರ, “ಬರೂ ಅಮಾಸಿಗೆ ಮೊಮ್ಮಗಳನ್ನ ಕರಕೊಂಡ ಬರ್ತೀನಿ. ಆವತ್ತೂ ನಿನ್ನ ಕೈಯಾಗ ಎಲಿ ಕಂಡ್ರ ಮುಂದಿನ ಮಾತು” ಎಂದರು.

ಆಮೇಲೆ ಶರಣರು ತಮ್ಮ ಆರಿದ ಹುಗ್ಗಿಯ ಮುಂದೆ ಕುಳಿತು ಉಂಡರು. ಉಂಡು, ಎಂದಿನಂತೆ ತಮ್ಮ ಎಲೆಗೆ ಕೈ ಚಾಚಿದರು. ಅಷ್ಟರಲ್ಲಿ ಅದರ ಮೇಲೆ ಮಗನ ಕೈ ಬಿದ್ದಿತ್ತು. ಯಾರಿಗೂ ಮುಟ್ಟಗೊಡದ ಎಲೆಯದು. ಶರಣರು ಕ್ಷಣಹೊತ್ತು ಅವನನ್ನೇ ನೋಡಿ, ತಮ್ಮ ಕೈ ಹಿಂದೆಗೆದುಕೊಂಡರು.

ಎಲೆಯಂಚಿನಲ್ಲಿ ಒಂದು ಗೋದಿಕಾಳು ಅಂಟಿಕೊಂಡಿತ್ತು. ಚಂದ್ರಶೇಖರ ಅದನ್ನು ಬೆರಳಿನಿಂದ ಬಿಡಿಸಿ, ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟುಕೊಂಡ.