ಕೋಣೆ ತಡೆದ ರೇಷ್ಮೆ ಸೀರೆ

ಸಕ್ಕರೆ ಕಾಯಿಲೆಯ ನೀಲವ್ವನ ಕಾಲಿನ ಗಾಯ ಮಾಯದಿದ್ದಾಗ, ಒತ್ತಡದಲ್ಲಿ ಆಮ್ಲಜನಕ ತುಂಬಿದ ಕೋಣೆಯಲ್ಲಿ ದಿನವೂ ಒಂದು ಗಂಟೆ ಮಲಗಬೇಕೆಂದರು ವೈದ್ಯರು. ಪೇಟೆಯ ಆಸ್ಪತ್ರೆಯೆಂದು ಅವಳು ರೇಷ್ಮೆ ಸೀರೆ ಉಟ್ಟುಬಂದಳು. ಕೋಣೆ ಆ ಸೀರೆಯನ್ನು ಬಾಗಿಲಲ್ಲೇ ತಡೆಯಿತು.

"ನೀನು ಹೊರಗಿರು. ನೀನು ಉಜ್ಜಿಕೊಂಡರೆ ಕಿಡಿ ಹಾರುತ್ತದೆ. ನನ್ನೊಳಗೆ ಒಂದು ಕಿಡಿ ಹಾರಿದರೂ ಆಮ್ಲಜನಕದಿಂದ ಬೆಂಕಿ ಭುಗಿಲೆದ್ದು ನೀಲವ್ವ ಉಳಿಯುವುದಿಲ್ಲ."

"ಮದುವೆ ಮನೆಯಲ್ಲಿ ನನ್ನನ್ನು ಮುಂದಿನ ಸಾಲಿಗೆ ಕರೆಯುತ್ತಾರೆ," ಎಂದಿತು ರೇಷ್ಮೆ.

"ಇಲ್ಲಿ ನಾನು ಕರೆಯುವುದು ಹತ್ತಿಯನ್ನು."

ಮನೆಯಲ್ಲಿ ಉಡುವ, ತೇಪೆ ಹಾಕಿದ ಹತ್ತಿ ಸೀರೆ ನಲವತ್ತು ದಿನ ಒಳಗೆ ಹೋಗಿಬಂತು. ಗಾಯ ಮಾಯಿತು. ನೀಲವ್ವ ರೇಷ್ಮೆಯುಟ್ಟು ಮೊಮ್ಮಗಳ ಮದುವೆಗೆ ನಡೆದೇ ಹೋದಳು.

ಮರುದಿನ ಟ್ರಂಕಿನಲ್ಲಿ ರೇಷ್ಮೆ ಕೇಳಿತು, "ಒಳಗೆ ನೀನು ಅಂಥದ್ದೇನು ಮಾಡಿದೆ?"

"ಸುಮ್ಮನಿದ್ದೆ," ಎಂದಿತು ಹತ್ತಿ ಸೀರೆ. "ಅಲ್ಲಿ ಬೇಕಾಗಿದ್ದದ್ದು ಅದೇ. ಅದು ನಿನ್ನಿಂದ ಆಗುತ್ತಿರಲಿಲ್ಲ."