ರಾಣಿಯ ಬೆರಳಿಗಿದ್ದ ಫ್ರೆಂಚ್ ಮಾತು

"ಕೇಳಿರಪ್ಪೋ ಕೇಳಿ! ಶಂಖತೀರದ ದೊರೆ ವೀರಮಾರರ ಅಪ್ಪಣೆ! ರಾಜಕುಮಾರಿ ಕುಮುದಿನಿಯ ಮೂರು ಒಗಟಿಗೆ ಅವಳ ತೀರಿಹೋದ ತಾಯಿಯ ಫ್ರೆಂಚ್ ಮಾತಿನಲ್ಲೇ ಉತ್ತರ ಹೇಳಬೇಕು. ಗೆದ್ದವನಿಗೆ ಕುಮಾರಿಯನ್ನು ಧಾರೆ ಎರೆದು ಅರ್ಧ ರಾಜ್ಯ. ತಪ್ಪಿದವನಿಗೆ ಶೂಲ!"

ಡಂಗುರ ಮುಗಿಯುವಷ್ಟರಲ್ಲಿ ಊರಿಗೆ ಊರೇ ಫ್ರೆಂಚ್ ಪಾಠಕ್ಕೆ ಕೂತಿತು ನೋಡಿ. ಸಿಂಪಿಗರ ಸೋವಣ್ಣನೂ ಕತ್ತರಿ ಬಿಸಾಕಿ, ಅರಮನೆಯ ದುಬಾಷಿಯಿಂದ ಮುನ್ನೂರು ಮಾತಿನ ಪಟ್ಟಿ ಬರೆಸಿಕೊಂಡು ಮಗ್ಗಿಯ ಹಾಗೆ ಉರುಹೊಡೆದ. ತಮ್ಮ ಬೊಮ್ಮಣ್ಣ "ಬೇಡ ಕಣಣ್ಣ" ಅಂದರೆ ಕೇಳುವ ಜೀವವೇ ಅದು?

ಸಭೆ ಸೇರಿತು. ಕುಮಾರಿ ಕೇಳಿದಳು: "ಹಿಡಿದರೆ ಬೆರಳ ಸಂದಿಯಲ್ಲಿ ಜಾರುತ್ತದೆ, ಬಿಟ್ಟರೆ ಹಡಗನ್ನೇ ಹೊರುತ್ತದೆ. ಏನದು?"

ನೆರೆಯೂರಿನ ಅರಸುಮಗ ನಾವಿಕರ ಜೊತೆ ಕುಡಿದು ಕಲಿತಿದ್ದ ಒಂದೇ ಮಾತು ಹೇಳಿದ: "ವ್ಯಾಂ!" ಅದು ಹೆಂಡ. ಪಾಪ, ಭಟರು ಹಿಡಿದುಕೊಂಡರು.

ಸೋವಣ್ಣ ಪಟ್ಟಿಯನ್ನು ಮೊದಲಿಂದ ಗೊಣಗುತ್ತ ಬಂದು "ಓ" ಅಂದ. ನೀರು, ಸರಿ!

"ಅಡುಗೆಯಲ್ಲಿದ್ದರೆ ಯಾರೂ ಹೆಸರೆತ್ತರು, ಇಲ್ಲದಿದ್ದರೆ ಪಂಕ್ತಿಯೆಲ್ಲ ಅದನ್ನೇ ಕೂಗುತ್ತದೆ. ಏನದು?"

ಸೋವಣ್ಣ ಮತ್ತೆ ಮೊದಲಿಂದ ಶುರುಮಾಡಿದ. ಶೂಲದ ಕಡೆ ಕಣ್ಣು ಹೋಗಿ ನಾಲಿಗೆ ಬೇಕಾದ ಮಾತಿಗಿಂತ ಒಂದು ಸಾಲು ಮೊದಲೇ ನಿಂತಿತು. "ಪ್ವಾವ್ರ್" ಅಂದುಬಿಟ್ಟ. ಅದು ಮೆಣಸು.

ಅಣ್ಣನ ಕೈಗೆ ಹಗ್ಗ ಬಿದ್ದದ್ದು ಕಂಡು ಬೊಮ್ಮಣ್ಣ ಜನರ ನಡುವೆ ನುಗ್ಗಿ ಬಂದು ಅಡ್ಡಬಿದ್ದ. "ನಾನು ಹೇಳ್ತೀನಿ ಬುದ್ಧಿ. ಗೆದ್ದರೆ ನನಗೆ ರಾಜ್ಯ ಬೇಡ, ಅಣ್ಣನ್ನ ಬಿಡಿ."

"ನಿನಗೆಷ್ಟು ಮಾತು ಬರುತ್ತದೆ?" ದೊರೆ ಕೇಳಿದ.

"ನಲವತ್ತು ಬುದ್ಧಿ. ಬಂದರಿನ ಫ್ರೆಂಚಮ್ಮನ ಮನೆಯಲ್ಲಿ ಹೊಲಿಗೆಗೆ ಕೂರ್ತಿದ್ದೆ. ದಿನಕ್ಕೊಂದು ಸಾಮಾನು ಕೈಲಿ ಹಿಡಿದು 'ಕೆಸ್ಕೆಸೆ', ಅಂದ್ರೆ 'ಇದೇನು' ಅಂತ ಕೇಳ್ತಿದ್ದೆ. ಆಯಮ್ಮ ಬಿದ್ದು ಬಿದ್ದು ನಗ್ತಾ ಹೇಳಿಕೊಡೋರು."

ಮೊದಲನೆಯದಕ್ಕೆ "ಓ" ಅಂದ. ಎರಡನೆಯದಕ್ಕೆ "ಸೆಲ್, ಉಪ್ಪು" ಅಂದ. ದುಬಾಷಿ ತಲೆಯಾಡಿಸಿದ.

ಮೂರನೆಯದನ್ನು ಕೇಳುವಾಗ ಕುಮಾರಿ ಏನನ್ನೋ ಮುಷ್ಟಿಯಲ್ಲಿ ಬಿಗಿಹಿಡಿದಳು. "ನನ್ನಮ್ಮನ ಒಂದೇ ಬೆರಳು ತೊಡುತ್ತಿದ್ದದ್ದು. ಅದರ ಮೈತುಂಬ ಗಾಯ, ತೊಟ್ಟವಳಿಗೆ ಒಂದೂ ಗಾಯವಿಲ್ಲ. ಏನದು?"

"ಉಂಗುರ! ಉಂಗುರ!" ಸಭೆ ಪಿಸುಗುಟ್ಟಿತು. ಬೊಮ್ಮಣ್ಣ ತನ್ನ ನಡುಬೆರಳು ನೋಡಿಕೊಂಡ. ಉಂಗುರಕ್ಕೆ ಮೈತುಂಬ ಗಾಯ ಯಾಕಾಗುತ್ತದೆ? ಗಾಯ ಮಾಡುವುದು ಸೂಜಿ.

"ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕ್ಕೊಳ್ಳೋ ಹಿತ್ತಾಳೆ ಟೊಪ್ಪಿಗೆ, ಅಮ್ಮಣ್ಣಿ. ಅದಕ್ಕೆ 'ದೇ' ಅಂತಾರೆ."

ಕುಮಾರಿ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಅದೇ ಟೊಪ್ಪಿಗೆಯಿತ್ತು, ಮೈತುಂಬ ಸೂಜಿಯ ಗುಳಿ.

"ಇನ್ನೊಂದು ಸಲ ಹೇಳು."

"ದೇ."

"ಹೂಂ, ಇದೇ ಮಾತು! ಹದಿನಾಲ್ಕು ವರ್ಷ ಹುಡುಕಿದೆ, ದುಬಾಷಿಗೂ ಗೊತ್ತಿರಲಿಲ್ಲ, ನನಗೂ ನೆನಪಿಗೇ ಬರಲಿಲ್ಲ," ಎಂದು ಕುಮಾರಿ ಗಳಗಳನೆ ಅತ್ತಳು. ದೊರೆಯೂ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಶೂಲ ಕೀಳಿಸಿದ, ಅರಸುಮಗನನ್ನೂ ಸೋವಣ್ಣನನ್ನೂ ಬಿಡಿಸಿದ. ಹಗ್ಗ ಬಿಚ್ಚುವವರೆಗೂ ತಡೆಯದೆ ಬೊಮ್ಮಣ್ಣ ಅಣ್ಣನನ್ನು ತಬ್ಬಿಕೊಂಡ. ಬೇಡವೆಂದರೂ ದೊರೆ ಅರ್ಧ ರಾಜ್ಯ ಕೊಟ್ಟ. ಕುಮಾರಿ ತಾನಾಗಿ ಒಪ್ಪಿ ಅವನ ಕೈ ಹಿಡಿದಳು.

ಮದುವೆಯ ಸಂಜೆ ಬೊಮ್ಮಣ್ಣ ಕೇಳಿದ, "ಅಮ್ಮ ಆ ಮಾತು ಯಾವಾಗ ಹೇಳೋರು?"

"ಅದು ಕಾಣದಿದ್ದಾಗ ಮನೆಯೆಲ್ಲ ಕೂಗಿಕೊಂಡು ಹುಡುಕುತ್ತಿದ್ದಳು," ಅಂದಳು ಕುಮುದಿನಿ. "ನಾನೇ ಬಚ್ಚಿಡುತ್ತಿದ್ದೆ. ಅವಳು ಹೋದ ದಿನವೂ ಅದು ನನ್ನ ಹತ್ತಿರವೇ ಇತ್ತು."