ಕೆಂಚವ್ವನ ಮೂರು ಗೂಟ

ಬಹಳ ಕಾಲದ ಹಿಂದೆ, ಹೊಳೆದಂಡೆಯ ಒಂದು ಊರಿನಲ್ಲಿ, ಹಗ್ಗ ಹೊಸೆಯುವ ಕೆಂಚವ್ವ ಅಂತ ಒಬ್ಬಳಿದ್ದಳಂತೆ. ಗಂಡನಿಲ್ಲ, ಮಕ್ಕಳಿಲ್ಲ. ಪುಂಡಿನಾರು ಕೈಗೆ ಸಿಕ್ಕರೆ ಹಸಿವನ್ನೂ ಮರೆಯುತ್ತಿದ್ದಳಂತೆ. ಅವಳ ಹಗ್ಗಕ್ಕೆ ಆನೆ ಕಟ್ಟಿದರೂ ಆನೆಯೇ ಸೋಲುತ್ತಿತ್ತು ಅನ್ನುತ್ತಾರೆ. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು; ಮುಂದಿನದನ್ನು ಮಾತ್ರ ನಂಬಲೇಬೇಕು.

ಒಂದು ವರ್ಷ ಹೊಳೆ ಉಕ್ಕಿ, ಬುಟ್ಟಿ ಹೆಣೆಯುವವರ ಹನ್ನೆರಡು ಗುಡಿಸಲುಗಳನ್ನೂ ಕೆಂಚವ್ವನದನ್ನೂ ಎಳೆದುಕೊಂಡು ಹೋಯಿತಂತೆ. ಊರ ದೇಸಾಯಿ ಮರುಗಿ, ದಿಬ್ಬದ ಮೇಲೆ ಮೂರು ಗೂಟ ನೆಟ್ಟು ತೊಂಬತ್ತು ಮಾರು ಹಗ್ಗ ಸುತ್ತಿರಿ, ಹೊತ್ತು ಮುಳುಗುವುದರೊಳಗೆ ಸುತ್ತಿದ ನೆಲವೆಲ್ಲ ನಿಮ್ಮದು ಅಂದನಂತೆ. ಅವನ ಗುಮಾಸ್ತನಿಗೆ ಹೊಟ್ಟೆಕಿಚ್ಚು. ಮೂರು ಬದಿಗೆ ಮೂರು ತುಂಡು ಬೇಕಲ್ಲ ಅಂತ ಹಗ್ಗ ಕಡಿದ. ಒಂದು ಐವತ್ತು ಮಾರು, ಉಳಿದೆರಡು ಇಪ್ಪತ್ತಿಪ್ಪತ್ತು. ಜನ ಮಧ್ಯಾಹ್ನದವರೆಗೆ ಎಳೆದಾಡಿದರೂ ಚಿಕ್ಕವೆರಡರ ತುದಿ ಒಂದಕ್ಕೊಂದು ಮುಟ್ಟಲಿಲ್ಲವಂತೆ.

ಕೆಂಚವ್ವ ಬಂದು ನೋಡಿದಳು. ಚಿಕ್ಕವೆರಡೂ ಸೇರಿದರೆ ನಲವತ್ತು. ಐವತ್ತರ ಎರಡು ತುದಿ ಹಿಡಿದು ಅವು ಎಲ್ಲಿ ಕೂಡಿಯಾವು? ಸುಮ್ಮನೆ ಮೂರನ್ನೂ ಸೇರಿಸಿ ಗಂಟು ಹಾಕಿದಳು. ಗುಮಾಸ್ತ ತಡೆದಾಗ ದೇಸಾಯಿಯ ಕಡೆ ತಿರುಗಿ, "ಧಣ್ಯಾರ, ತೊಂಬತ್ತು ಮಾರು ಅಂದಿದ್ರಿ. ಎಲ್ಲಿ ಕಡೀಬೇಕು ಅಂತ ಹೇಳಿದ್ದಿಲ್ಲಲ್ರೀ" ಅಂದಳಂತೆ. ದೇಸಾಯಿ ನಕ್ಕು ಹೂಂ ಅಂದನಂತೆ.

ಆದರೆ ಬುಟ್ಟಿಯವರೇನು ಕಡಿಮೆ ಹಟಮಾರಿಗಳೇ? ಎಲ್ಲರ ಬಾಗಿಲೂ ದಾರಿಗೇ ಇರಬೇಕು, ದಾರಿಯುದ್ದ ನಲವತ್ತು ಮಾರು, ಹಿಂದೆ ನಲವತ್ತು, ಕೊನೆಗೆ ಹತ್ತು ಅಂತ ಕೂತರಂತೆ. ಕೆಂಚವ್ವ ಬೈಯಲಿಲ್ಲ. ಒಂದು ಗೇಣು ದಾರವನ್ನು ಮಣ್ಣಿನ ಮೇಲೆ ಹಾಗೆಯೇ ಸಪೂರವಾಗಿ ಹಾಸಿ, ಒಳಗೆ ಗುಡಿಸಲಿಗೊಂದರಂತೆ ಹುಣಸೆಬೀಜ ಜೋಡಿಸಿದಳು. ಆರು ಹಿಡಿದವು. ಅದೇ ದಾರವನ್ನು ಮೂರು ಸಮ ಬದಿ ಮಾಡಿ ಹಾಸಿದಳು. ಹನ್ನೆರಡು ಹಿಡಿದವು.

"ಎಲ್ಲಾರೂ ದಾರಿ ನೋಡ್ಕೋತ ಕುಂದ್ರಾಕ ಹೋದ್ರ, ಅರ್ಧ ಮಂದಿ ದಾರ್ಯಾಗ ಮಲಗಬೇಕಾಕೈತಿ ನೋಡ್ರಿ" ಅಂದಳಂತೆ.

ಹೊತ್ತು ಮುಳುಗುವ ಮುಂಚೆ ಬದಿಗೆ ಮೂವತ್ತು ಮಾರಿನಂತೆ ಗೂಟ ನೆಟ್ಟರು. ಹನ್ನೆರಡು ಗುಡಿಸಲು ಎದ್ದವು. ಹದಿಮೂರನೆಯದಕ್ಕೆ, ಅಂದರೆ ಕೆಂಚವ್ವನದಕ್ಕೆ, ಜಾಗವಿರಲಿಲ್ಲ. ಬೀಜ ಎಣಿಸಿದವಳಿಗೆ ಅದು ಮೊದಲೇ ಗೊತ್ತಿತ್ತು. ಗುಡಿಸಲು ಕೂರದ ಚೂಪು ಮೂಲೆಯೊಂದರಲ್ಲಿ ಚಾಪೆ ಮರೆ ಕಟ್ಟಿಕೊಂಡು ಕೊನೆತನಕ ಹಗ್ಗ ಹೊಸೆದಳಂತೆ.

ಇವತ್ತಿಗೂ ಆ ದಿಬ್ಬದ ಓಣಿಯವರು ಹೊಸ ಮನೆಗೆ ಗುದ್ದಲಿ ಹಾಕುವ ಮುಂಚೆ ಒಂದು ಗೇಣು ದಾರವನ್ನು ಮೂರು ಸಮ ಬದಿ ಮಾಡಿ ನೆಲಕ್ಕೆ ಹಾಸುತ್ತಾರೆ. ಒಳಗೆ ಹುಣಸೆಬೀಜ ಜೋಡಿಸುತ್ತಾರೆ. ಹನ್ನೆರಡಲ್ಲ, ಹದಿಮೂರು. ಹೇಗೋ ಒತ್ತರಿಸಿ ಹಿಡಿಸುತ್ತಾರೆ.